ಒಂದು ಲಕ್ಷ ಪಿಕ್ಸೆಲ್ಲಿನ ಜಗಳ

ಕ್ಯಾನನ್ 1500ಡಿ ಕ್ಯಾಮೆರಾದಲ್ಲಿ 24.1 ಮೆಗಾಪಿಕ್ಸೆಲ್. ನಿಕಾನ್ ಡಿ3500ರಲ್ಲಿ 24.2. ಇಷ್ಟೇನಾ ಎಂದು ನಗಬೇಡಿ, ಬಿಡಿಸಿ ಲೆಕ್ಕ ಹಾಕಿದರೆ ಅದು ಒಂದು ಲಕ್ಷ ಪಿಕ್ಸೆಲ್, ಅಂದರೆ ಪಟ ಕಟ್ಟುವ ಒಂದು ಲಕ್ಷ ಚುಕ್ಕಿ. ಈ ಒಂದು ಲಕ್ಷಕ್ಕಾಗಿ ಮುಂಬೈಯ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಹೊತ್ತಿಕೊಂಡ ಚರ್ಚೆ ಥಾಣೆ ದಾಟಿತು, ಘಾಟ್ಕೋಪರ್ ದಾಟಿತು, ದಾದರಿನಲ್ಲಿ ಇಳಿಯಬೇಕಾದವನೊಬ್ಬ ಇಳಿಯದೆ ಉಳಿದ, ಸಿಎಸ್‌ಎಂಟಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತೂ ಮುಗಿಯಲಿಲ್ಲ. ಅಷ್ಟೆಲ್ಲ ಹೊಡೆದಾಡಿ ಕೊಂಡ ಕ್ಯಾಮೆರಾದ ಪಟ ಕೊನೆಗೆ ಹೋಗುವುದೆಲ್ಲಿಗೆ? ವಾಟ್ಸಾಪಿಗೆ. ವಾಟ್ಸಾಪು ಸಾಮಾನ್ಯವಾಗಿ ಅದನ್ನು ಹಿಂಡಿ ಎರಡು ಮೆಗಾಪಿಕ್ಸೆಲ್ಲಿನ ಆಸುಪಾಸಿಗೆ ತಂದು ಬಿಡುತ್ತದೆ. ಉಳಿದ ಇಪ್ಪತ್ತೆರಡು ಕೃಷ್ಣಾರ್ಪಣ.

ಇದಕ್ಕೆಲ್ಲ ಮೂಲ ನನ್ನ ಅಕ್ಕನ ಮಗ. ಓದು ಮುಗಿಸಿ ಐರೋಲಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಸೀರೆ, ತನಗೊಂದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ, ಎದುರಿಗೆ ಬದಲಿಸಬಹುದಾದ ಲೆನ್ಸು ಇರುವ ಕ್ಯಾಮೆರಾ) ಎಂದು ನಿಶ್ಚಯಿಸಿದ. ಸೀರೆ ಅದೇ ಸಂಜೆ ಬಂತು. ಕ್ಯಾಮೆರಾ ಮಾತ್ರ ಚೌತಿ ಮುಗಿದು ನವರಾತ್ರಿ ಬಂದರೂ ಇತ್ಯರ್ಥವಾಗಲಿಲ್ಲ. "ಮಾವ, ಕ್ಯಾನನ್ನಾ ನಿಕಾನ್ನಾ?" ಎಂದು ನನ್ನೊಬ್ಬನನ್ನು ಕೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಇಡೀ ಕಟ್ಟಡವನ್ನು ಕೇಳಿದ. ಹೇಳುವವರಿಗೆ ಅರ್ಹತೆಯೇನೂ ಬೇಕಿಲ್ಲ ನೋಡಿ. ಯಾರದೋ ಮದುವೆಯಲ್ಲಿ ಯಾರದೋ ಕ್ಯಾಮೆರಾವನ್ನು ಎರಡು ನಿಮಿಷ ಹಿಡಿದುಕೊಂಡಿದ್ದರೆ ಸಾಕು, ಅಭಿಪ್ರಾಯಕ್ಕೆ ಆಜೀವ ಹಕ್ಕು.

ಕರಾವಳಿಯಿಂದ ಬಂದವರಿಗೆ ಇಂಥ ಜಗಳದ ಗತ್ತು ಹೊಸದಲ್ಲ. ಯಕ್ಷಗಾನದಲ್ಲಿ ತೆಂಕುತಿಟ್ಟು ಮೇಲೋ ಬಡಗುತಿಟ್ಟು ಮೇಲೋ ಎಂಬುದನ್ನು, ಮುಂಬೈಗೆ ಬಂದು ತಲೆಮಾರುಗಳೇ ಕಳೆದರೂ ನಾವಿನ್ನೂ ತೀರ್ಮಾನಿಸಿಲ್ಲ. ಆ ತಿಟ್ಟಿನ ಚೆಂಡೆ ಈ ತಿಟ್ಟಿನವನಿಗೆ ಗದ್ದಲ, ಈ ತಿಟ್ಟಿನ ಕುಣಿತ ಆ ತಿಟ್ಟಿನವನಿಗೆ ಸರ್ಕಸ್ಸು. ಕ್ಯಾಮೆರಾದಲ್ಲೂ ಅದೇ ಕತೆ. ನಮ್ಮ ಕಟ್ಟಡದ ಹೋಟೆಲ್ ಶೆಟ್ರು ಕ್ಯಾನನ್ ತಿಟ್ಟು. "ಮುಖದ ಬಣ್ಣ ಕ್ಯಾನನ್ನಿನಲ್ಲಿ ಬಂದ ಹಾಗೆ ಬೇರೆಯದರಲ್ಲಿ ಬರುವುದಿಲ್ಲ ಮಾರಾಯ" ಎಂಬುದೊಂದೇ ಅವರ ಪ್ರಮಾಣ. ಮೊದಲ ಮಹಡಿಯ ನಿವೃತ್ತ ಬ್ಯಾಂಕ್ ಮೆನೇಜರು ನಿಕಾನ್ ತಿಟ್ಟು. "ಲೆನ್ಸು ಕೂರುವ ಮೌಂಟು 1959ರಿಂದ ಒಂದೇ ತಮ್ಮ, ಒಂದೇ ಮೌಂಟು! ಅಜ್ಜನ ಲೆನ್ಸು ಮೊಮ್ಮಗನ ಕ್ಯಾಮೆರಾಕ್ಕೆ ಕೂರುತ್ತದೆ" ಎನ್ನುವಾಗ ಅವರ ಗಂಟಲು ಕಟ್ಟುತ್ತದೆ.

ಕೂರುತ್ತದೆ, ಸುಳ್ಳಲ್ಲ. ಕೂತಲ್ಲೇ ಕೂತಿರುತ್ತದೆ. ಮೆನೇಜರ ಕಪಾಟಿನಲ್ಲಿರುವಂಥ ಹಳೆಯ 50 ಎಂಎಂ ಲೆನ್ಸನ್ನು ತಿರುಗಿಸಿ ಫೋಕಸ್ ಮಾಡಲು ಕ್ಯಾಮೆರಾದ ಹೊಟ್ಟೆಯೊಳಗೆ ಒಂದು ಮೋಟಾರಿರಬೇಕು. ಕಲಿಯುವವರಿಗೆಂದೇ ಮಾಡಿದ ಡಿ3500ರಲ್ಲಿ ನಿಕಾನಿನವರು ಅದನ್ನು ಇಟ್ಟೇ ಇಲ್ಲ. ಲೆನ್ಸಿನಲ್ಲೇ ಮೋಟಾರಿದ್ದರೆ ಸರಿ, ಇಲ್ಲವಾದರೆ ಕೈಯಲ್ಲೇ ತಿರುಗಿಸಿಕೊಳ್ಳಬೇಕು. ಅಜ್ಜನ ಆಸ್ತಿ ಬೇಕಿದ್ದರೆ ಮೊಮ್ಮಗ ದುಬಾರಿ ಕ್ಯಾಮೆರಾ ಕೊಳ್ಳಲಿ ಎಂಬ ಏರ್ಪಾಡು. ಇತ್ತ ಕ್ಯಾನನ್ನಿನವರು 1987ರಲ್ಲಿ ಹಳೆಯ ಮೌಂಟನ್ನೇ ಕೈಬಿಟ್ಟು, ಅದುವರೆಗೆ ಲೆನ್ಸು ಕೂಡಿಟ್ಟವರಿಗೆಲ್ಲ ಕೈಮುಗಿದು, ಹೊಸದನ್ನು ತಂದರು. ಶೆಟ್ರು ಈ ಪ್ರಸಂಗವನ್ನು ಆಡಿಸುವುದೇ ಇಲ್ಲ.

ಎರಡೂ ಕಂಪನಿಗಳ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. 1500ಡಿಗೆ ವೈಫೈ ಕೊಟ್ಟರು, ಬ್ಲೂಟೂತ್ ಕೊಡಲಿಲ್ಲ. ಡಿ3500ಕ್ಕೆ ಬ್ಲೂಟೂತ್ ಕೊಟ್ಟರು, ವೈಫೈ ಕೊಡಲಿಲ್ಲ. ಎರಡರ ಪರದೆಯನ್ನೂ ಎಷ್ಟು ಮುಟ್ಟಿದರೂ ಬೆರಳಚ್ಚು ಬೀಳುವುದಲ್ಲದೆ ಬೇರೇನೂ ಆಗುವುದಿಲ್ಲ. ಮೈಕ್ ಚುಚ್ಚೋಣವೆಂದರೆ ಎರಡರಲ್ಲೂ ತೂತಿಲ್ಲ. ಕ್ಯಾಮೆರಾ ಫೋಕಸ್ ಹಿಡಿಯುವ ಬಿಂದುಗಳು 1500ಡಿಯಲ್ಲಿ 9, ಡಿ3500ರಲ್ಲಿ 11. ಆ ಎರಡು ಬಿಂದುಗಳಿಗೆ ಒಂದು ಭಾನುವಾರವಿಡೀ ಆಹುತಿ. ಝೂಮ್ ರಿಂಗು ಒಂದರಲ್ಲಿ ಬಲಕ್ಕೆ ತಿರುಗಿದರೆ ಇನ್ನೊಂದರಲ್ಲಿ ಎಡಕ್ಕೆ. ಹೋಗಲಿ, ಆ 'ಡಿ' ಅಕ್ಷರವನ್ನು ಎಲ್ಲಿಡಬೇಕೆಂಬುದರಲ್ಲಾದರೂ ಒಮ್ಮತ? ನಿಕಾನಿನವರು ಅಂಕಿಗಿಂತ ಮೊದಲು ಇಟ್ಟರೆ ಕ್ಯಾನನ್ನಿನವರು ಅಂಕಿಯಾದ ಮೇಲೆ.

ಹೆಸರಿಡುವುದರಲ್ಲಂತೂ ಕ್ಯಾನನ್ನಿನವರನ್ನು ಮೀರಿಸುವವರಿಲ್ಲ. 3000ಡಿ ಎಂದರೆ 1500ಡಿಗಿಂತ ದೊಡ್ಡದು ಎಂದು ಮಗ್ಗಿ ಕಲಿತ ಮಗುವೂ ಹೇಳುತ್ತದೆ. ತಪ್ಪು. 3000ಡಿಯೇ ಅಗ್ಗದ್ದು: ಬರೀ 18 ಮೆಗಾಪಿಕ್ಸೆಲ್, ಲೆನ್ಸು ಕೂರುವ ಬಳೆಯೂ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಇನ್ನು ನಮ್ಮ 1500ಡಿ ಯೂರೋಪಿಗೆ ಹೋದರೆ 2000ಡಿ ಆಗುತ್ತದೆ, ಅಮೆರಿಕಕ್ಕೆ ಹೋದರೆ ರೆಬೆಲ್ ಟಿ7, ತವರು ಜಪಾನಿನಲ್ಲಿ ಕಿಸ್ ಎಕ್ಸ್90. ಇಂಡಿಯಾಕ್ಕೆ ಕಿಸ್ ಬೇಡ, ನಂಬರೇ ಸಾಕು ಎಂದು ಯಾರೋ ಪುಣ್ಯಾತ್ಮರು ತೀರ್ಮಾನಿಸಿದ್ದು ಒಳ್ಳೆಯದಾಯಿತು. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ದೇವರ ಮುಂದೆ ಇಡಬೇಕಾದವರು ನಾವು.

ಇಷ್ಟರ ನಡುವೆ ಒಂದು ಸಣ್ಣ ಸಂಗತಿ ಎರಡೂ ತಿಟ್ಟಿನವರಿಗೆ ಮರೆತಿದೆ. ಯಜಮಾನರೇ ಆಟ ಮುಗಿಸಿ ಎದ್ದಿದ್ದಾರೆ. 2020ರಲ್ಲಿ ಬಂದ 1ಡಿ ಎಕ್ಸ್ ಮಾರ್ಕ್ 3 ತಮ್ಮ ಕಟ್ಟಕಡೆಯ ಹಿರಿಯ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ನಿನ ಮುಖ್ಯಸ್ಥರು 2021ರ ಕೊನೆಗೇ ಹೇಳಿಯಾಗಿದೆ. 2022ರ ಜುಲೈಯಲ್ಲಿ, ನಿಕಾನೂ ಈ ಜಾತಿಯ ಹೊಸ ಕ್ಯಾಮೆರಾ ಮಾಡುವುದನ್ನು ಬಿಡುತ್ತಿದೆ ಎಂದು ಜಪಾನಿನ ಪತ್ರಿಕೆಯೊಂದು ಬರೆಯಿತು. ಅದೆಲ್ಲ ಊಹಾಪೋಹ, ತಯಾರಿ ಮಾರಾಟ ರಿಪೇರಿ ನಡೆದೇ ಇದೆ ಎಂದಿತು ಕಂಪನಿ. ಹೊಸದು ಮಾತ್ರ ಆಮೇಲೆ ಒಂದೂ ಬರಲಿಲ್ಲ. ಚೌತಿಯಿಂದ ನಾವು ಯಾವುದಕ್ಕಾಗಿ ಕೈಕೈ ಮಿಲಾಯಿಸಿದೆವೋ ಆ ಡಿ3500ರ ತಯಾರಿ 2022ರಲ್ಲೇ ನಿಂತಿದೆ. ಸಿಕ್ಕಿದರೆ ಉಳಿದ ಮಾಲು, ಇಲ್ಲವೇ ಸೆಕೆಂಡ್ ಹ್ಯಾಂಡು. ಸೋನಿಯವರು 2006ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮೆರಾ ವಹಿವಾಟನ್ನು ವಹಿಸಿಕೊಂಡು ಈ ಧಂದೆಗೆ ಇಳಿದವರು. ಅವರೂ 2021ರಲ್ಲಿ ಗಂಟುಮೂಟೆ ಕಟ್ಟಿದರು. ಎಲ್ಲರೂ ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ಸಿಗೆ ಗುಳೆ ಹೋಗಿಯಾಗಿದೆ. ಹೀಗೆಂದರೆ ಮೆನೇಜರು, "ಒಳಗೆ ಕನ್ನಡಿ ಟಪ್ ಎನ್ನದಿದ್ದರೆ ಅದೆಂಥ ಕ್ಯಾಮೆರಾ ಹೇಳಿ?" ಎಂದು ನನ್ನ ಮೇಲೇ ಬಿದ್ದರು. ಮಿರರ್‌ಲೆಸ್ಸಿಗೆ ಹೋದ ಮಾತ್ರಕ್ಕೆ ಉದ್ಧಾರವಾದೆವು ಎಂದೂ ಅಲ್ಲ. 2023ರಲ್ಲಿ ಕಲಿಯುವವರಿಗೆಂದು ಬಂದ ಕ್ಯಾನನ್ ಆರ್100ರ ಪರದೆಯನ್ನೂ ಮುಟ್ಟಿ ನೋಡಿ. ಬೆರಳಚ್ಚೇ.

ನಿಜವಾಗಿ ಕೇಳಬೇಕಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಗೇಟ್‌ವೇ ಆಫ್ ಇಂಡಿಯಾದ ಎದುರು "ಏಕ್ ಮಿನಿಟ್ ಮೆ ಫೋಟೋ" ಎಂದು ಬೆನ್ನು ಹತ್ತುತ್ತಾರಲ್ಲ, ಅವರು. ಒಬ್ಬರ ಕ್ಯಾಮೆರಾವನ್ನು ಹತ್ತಿರದಿಂದ ನೋಡಿದೆ. ಹಿಡಿಯ ರಬ್ಬರು ಎದ್ದುಹೋಗಿ ಆ ಜಾಗದಲ್ಲಿ ಕಪ್ಪು ಟೇಪು, ಕಂಪನಿಯ ಹೆಸರಿನ ಬಿಳಿ ಬಣ್ಣ ಅರ್ಧ ಅಳಿಸಿದೆ, ಹೆಗಲ ಚೀಲದಲ್ಲಿ ಪುಟ್ಟ ಪ್ರಿಂಟರು. ಬಿಸಿಲು, ಉಪ್ಪುಗಾಳಿ, ಪಾರಿವಾಳ ಎಲ್ಲವನ್ನೂ ಸಹಿಸಿ ಒಂದು ಸಂಸಾರವನ್ನು ಸಾಕುತ್ತಿರುವ ಯಂತ್ರ. ಯಾವುದು ಒಳ್ಳೆಯದು ಎಂದೆ. "ಬ್ಯಾಟರಿ ದೇಖೋ ಸಾಬ್. ಬಾಕಿ ಸಬ್ ಸೇಮ್" ಎಂದು ಹೇಳಿ, ಗುಜರಾತಿನಿಂದ ಬಂದಿದ್ದ ಒಂದು ಕುಟುಂಬದ ಹಿಂದೆ ಓಡಿದರು. ಹೋಲಿಸಿ ನೋಡಿದರೆ ಮಾತು ಅಕ್ಷರಶಃ ಸರಿ: ಕಂಪನಿಗಳೇ ಕೊಟ್ಟ ಲೆಕ್ಕದಂತೆ ಒಂದು ಚಾರ್ಜಿಗೆ 1500ಡಿ 500 ಪಟ ತೆಗೆದರೆ ಡಿ3500 ತೆಗೆಯುವುದು 1550. ಇಡೀ ಚರ್ಚೆಯಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇದೊಂದೇ. ಇದನ್ನು ಕಟ್ಟಡದಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಸ್ತೆ ಮೇಲೆ ನಿಂತು ಪಟ ತೆಗೆಯುವವನಿಗೆ ಕ್ಯಾಮೆರಾ ಬಗ್ಗೆ ಏನು ಗೊತ್ತು?

ಕೊನೆಗೆ ಹುಡುಗ ಕ್ಯಾನನ್ ಎಂದು ಗಟ್ಟಿ ಮಾಡಿದ. ಬಣ್ಣಕ್ಕೂ ಅಲ್ಲ, ಬಿಂದುವಿಗೂ ಅಲ್ಲ. ಶೆಟ್ರ ಹತ್ತಿರ ದೂರದ್ದನ್ನು ಹತ್ತಿರ ಎಳೆಯುವ ಒಂದು 55-250 ಲೆನ್ಸಿದೆ, ಕೇಳಿದರೆ ಕೊಡುತ್ತಾರೆ. ಮೊದಲ ಕ್ಯಾಮೆರಾ ಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ನನಗಂತೂ ತೋರುವುದಿಲ್ಲ. ಹೋದೆವು ಫೋರ್ಟಿನ ಬೋರಾ ಬಜಾರಿಗೆ. ಒಂದು ಅಂಗಡಿಯವ ಕ್ಯಾಮೆರಾದ ಹೆಸರು ಕೇಳುವ ಮೊದಲೇ, "ವಿತ್ ಬಿಲ್ ಯಾ ವಿದೌಟ್ ಬಿಲ್?" ಎಂದ. ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿಯನ್ನು 2018ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಶೇಕಡಾ 28ರಿಂದ 18ಕ್ಕೆ ಇಳಿಸಿತ್ತಲ್ಲ, ಈತ ಅದನ್ನು ಅಲ್ಲೇ ನಿಂತು ಸೊನ್ನೆಗೆ ಇಳಿಸಿದ. ಲೆನ್ಸಿನ ಡಬ್ಬ ಎಲ್ಲಿ ಎಂದರೆ ಬರೀ ಬಿಳಿ ಪೆಟ್ಟಿಗೆ. ವಾರಂಟಿ ಎಂದರೆ ಎದೆ ಮುಟ್ಟಿಕೊಂಡು "ಮೈ ಬೈಠಾ ಹೂಂ ನಾ" ಎಂದ. ನಾವು ಬಿಲ್ಲಿನವನ ಕಡೆಗೇ ಹೋದೆವು. ಅಲ್ಲಿ ಬ್ಯಾಗು ಫ್ರೀ, ಕಾರ್ಡು ಫ್ರೀ, ಕಾಲು ಅಳ್ಳಾಡುವ ಟ್ರೈಪಾಡು ಫ್ರೀ. ಯುವಿ ಫಿಲ್ಟರು, ಸ್ಕ್ರೀನ್ ಗಾರ್ಡು, ಧೂಳು ಊದುವ ರಬ್ಬರ್ ಬುರುಡೆ ಮಾತ್ರ 'ಕಂಪಲ್ಸರಿ'. ಕಂಪಲ್ಸರಿಯಾದದ್ದನ್ನು ಕಂಪನಿಯೇ ಏಕೆ ಒಳಗಿಟ್ಟು ಕೊಟ್ಟಿಲ್ಲ ಎಂದು ಕೇಳಿದೆ. ಉತ್ತರವಾಗಿ ಚಹಾ ತರಿಸಿದ. ಮುಂಬೈ ಮಳೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ ಎಂಬ ಒಂದೇ ಒಂದು ಉಪಯೋಗದ ಮಾತನ್ನು ಯಾರೂ ಹೇಳಲಿಲ್ಲ. ಅದರಲ್ಲಿ ಕಮಿಷನ್ ಕಡಿಮೆಯಿರಬೇಕು.

ಉದ್ಘಾಟನೆ ಕುರ್ಲಾದ ಬಂಟರ ಭವನದಲ್ಲಿ, ಸ್ಥಳೀಯ ಮಂಡಳಿಯೊಂದರ ಯಕ್ಷಗಾನದಲ್ಲಿ. ಹುಡುಗ ಹಿಂದಿನ ಸಾಲಿನಲ್ಲಿ ಕ್ಯಾಮೆರಾ ಸಜ್ಜು ಮಾಡಿ ಕೂತ. ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಹಿಡಿದು, ರಾಳ ಎರಚಿ, ಹೂಂಕರಿಸುತ್ತ ಬಂದ. ಹೊಗೆಯಲ್ಲಿ ಫೋಕಸ್ ಸಿಗದೆ ಲೆನ್ಸು ಜರ್‍ರ್ ಜರ್‍ರ್ ಎಂದು ಹಿಂದೆ ಮುಂದೆ ಓಡಿತು. ಅಷ್ಟರಲ್ಲಿ ಕ್ಯಾಮೆರಾ ತನ್ನಷ್ಟಕ್ಕೇ ತಲೆಯ ಮೇಲಿನ ಫ್ಲಾಶನ್ನು ಟಕ್ಕೆಂದು ಎತ್ತಿತು. ಆ ಪುಟ್ಟ ಫ್ಲಾಶಿನ ಬೆಳಕು, ಕ್ಯಾಮೆರಾದ ಜೊತೆಗೇ ಬಂದ ಕಿಟ್ ಲೆನ್ಸಿನ, ಬೆಳಕು ಒಳಬರುವ ಸಣ್ಣ ಕಂಡಿಯಲ್ಲಿ, ಮುಂದಿನ ಎರಡು ಮೂರು ಸಾಲು ದಾಟಿದರೆ ಹೆಚ್ಚು. ಪಟ ಬಂದದ್ದು ಹೀಗೆ: ಎದುರಿನ ಸಾಲಿನ ಹಿರಿಯರೊಬ್ಬರ ಬೋಳುತಲೆ ಪೂರ್ಣಚಂದ್ರ, ಅದರಾಚೆ ಕಗ್ಗತ್ತಲಲ್ಲಿ ಎರಡು ಕೆಂಪು ಗೆರೆ. ಆ ಗೆರೆಯೇ ಮಹಿಷಾಸುರ. ಫ್ಲಾಶನ್ನು ಅದುಮಿ ಮುಚ್ಚಿ ಮತ್ತೆ ಹೊಡೆದರೆ ದಿಗಿಣ ಹಾಕುತ್ತಿದ್ದ ದೇವೇಂದ್ರ ಬಣ್ಣದ ಬುಗುರಿಯಾಗಿ ಬಂದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕನ್ನಡಕ ಹಣೆಗೇರಿಸಿ ಮೊಬೈಲಿನಲ್ಲಿ ಒಂದು ಒತ್ತಿದರು. ಕಿರೀಟ, ಕಿರೀಟದ ಮಣಿ, ಹುಬ್ಬಿನ ಮೇಲಿನ ಬಿಳಿ ಚುಕ್ಕಿ ಎಲ್ಲ ಬಂದಿತ್ತು. ಮುಖದ ಬಣ್ಣ ಕೂಡ, ಶೆಟ್ರೆ.

ಅದನ್ನೂ ಸಹಿಸಬಹುದು. ದೊಡ್ಡ ಕಂಡಿಯ ಲೆನ್ಸು ಹಾಕಿ, ಆಟೋ ಬಿಟ್ಟು ಕೈಯಾರೆ ನಡೆಸಲು ಕಲಿತರೆ ಇದೇ ಕ್ಯಾಮೆರಾದಲ್ಲಿ ಮಹಿಷಾಸುರನ ಬೆವರ ಹನಿಯೂ ಸಿಗುತ್ತದೆ. ಹುಡುಗ ಕಲಿಯುತ್ತಾನೆ. ಆದರೆ ಕಲಿಯಬೇಕಾದರೆ ಎಲ್ಲಾದರೂ ನಿಂತು ಪಟ ತೆಗೆಯಬೇಕಲ್ಲ? ಮರುವಾರ ಸಂಜೆ ಬೆಳಕಿಗೆಂದು ಸಮುದ್ರದ ಬದಿಯ ಒಂದು ಉದ್ಯಾನಕ್ಕೆ ಹೋದೆವು. ಬ್ಯಾಗಿನ ಜಿಪ್ಪು ಎಳೆಯುವುದೇ ತಡ, ಸೀಟಿ. "ಕ್ಯಾಮೆರಾ ಅಂದರ್. ಪರ್ಮಿಷನ್ ಹೈ ಕ್ಯಾ?" ಬೋರ್ಡು ಎಲ್ಲಿದೆ ಎಂದರೆ ಬೋರ್ಡಿಲ್ಲ. ಯಾರ ಆರ್ಡರು ಎಂದರೆ "ಊಪರ್ ಸೆ". ಸುತ್ತ ನೂರು ಜನ ಮೊಬೈಲೆತ್ತಿ ನಿಂತಿದ್ದಾರಲ್ಲ ಎಂದರೆ, "ಮೊಬೈಲ್ ಚಲೇಗಾ."

ಮೊಬೈಲ್ ಚಲೇಗಾ! 200 ಮೆಗಾಪಿಕ್ಸೆಲ್ ಎಂದು ಕೂಗಿ ಮಾರುವ, ಹತ್ತು ಪಟ್ಟು ಹತ್ತಿರ ಎಳೆಯುವ, ನಿಂತ ಜಾಗದ ಅಕ್ಷಾಂಶ ರೇಖಾಂಶದ ಸಮೇತ ಆ ಕ್ಷಣವೇ ಜಗತ್ತಿಗೆ ನೇರ ಪ್ರಸಾರ ಮಾಡುವ ಯಂತ್ರ ನಿರುಪದ್ರವಿ. ಬ್ಲೂಟೂತೂ ಇಲ್ಲದ, ಕಿಟ್ ಲೆನ್ಸಿನ ಐವತ್ತೈದು ಎಂಎಂ ಆಚೆ ಕಣ್ಣು ಕಾಣದ ಈ ಬಡಪಾಯಿಯಿಂದ ದೇಶದ ಭದ್ರತೆಗೆ ಅಪಾಯ. ಏನು ಬುದ್ಧಿ, ಏನು ದೂರದೃಷ್ಟಿ ಎಂದು ಹೊಗಳೋಣವೆಂದರೆ ಈಗ ಬಾಯಿ ಬರುವುದಿಲ್ಲ. ಇದೇ ಊರಿನಲ್ಲಿ ಲೋಕಲ್ಲಿನಿಂದ ಒಬ್ಬ ಬಿದ್ದರೆ ಅವನನ್ನು ಎತ್ತುವ ಕೈಗಿಂತ ಮೊದಲು ಏಳುವುದು ಮೊಬೈಲಿನ ಕೈ. ಹೆಂಡತಿಗೆ ಫೋನು ಹೋಗುವ ಮೊದಲು ವಿಡಿಯೋ ಹೋಗಿರುತ್ತದೆ. ಅಲ್ಲಿ ಸೀಟಿ ಊದುವವರು ಯಾರೂ ಇಲ್ಲ, ಪರ್ಮಿಷನ್ ಕೇಳುವವರೂ ಇಲ್ಲ. ಸೂರ್ಯಾಸ್ತದ ಪಟಕ್ಕೆ ಮಾತ್ರ ಮೇಲಿನವರ ಆರ್ಡರು. ಆ ಮೇಲಿನವನು ಯಾರೋ, ಯಾವ ಕುರ್ಚಿಯಲ್ಲಿದ್ದಾನೋ ಕೇಳಿ ಕೇಳಿ ಸಾಕಾಗಿದೆ.

ಗಾರ್ಡಿನ ತಪ್ಪೇನೂ ಇಲ್ಲ, ಹನ್ನೆರಡು ತಾಸಿನ ಡ್ಯೂಟಿಯಲ್ಲಿ ಬೆಳಗಿನಿಂದ ನಿಂತೇ ಇದ್ದ. ಹುಡುಗ ಮಾತಿಲ್ಲದೆ ಕ್ಯಾಮೆರಾವನ್ನು ಬ್ಯಾಗಿಗೆ ತುಂಬತೊಡಗಿದ. ಗಾರ್ಡು ತುಸು ಮೆತ್ತಗಾಗಿ ಬಗ್ಗಿ ನೋಡಿದ.

"ಕೌನ್ಸಾ ಹೈ? ಕ್ಯಾನನ್?"

"ಹಾಂ."

"ಗಲತಿ ಕಿಯಾ," ಎಂದ. "ನಿಕಾನ್ ಲೇನೇ ಕಾ ಥಾ."