ಗ್ರಾಜುಯೇಷನ್ ರೇಟ್ ಕಡಿಮೆ ಅಂದ್ರೆ ಉಳಿದವರೆಲ್ಲ ಫೇಲಾ?

ಅಮೆರಿಕದ ಹೆಲ್ತ್ ಸೈನ್ಸಸ್ ಕಾಲೇಜುಗಳ ಬಗ್ಗೆ ಒಂದು ಮಾತು ಓಡಾಡುತ್ತಿದೆ: 'ಗ್ರಾಜುಯೇಷನ್ ರೇಟ್ ಕಡಿಮೆ ಇದೆ, ಅಂದ್ರೆ ಉಳಿದವರೆಲ್ಲ ಫೇಲ್.' ಇದು ತಪ್ಪು.

ಗ್ರಾಜುಯೇಷನ್ ರೇಟ್ ಅಂದ್ರೆ ಕಾಲೇಜಿಗೆ ಸೇರಿದವರಲ್ಲಿ ಎಷ್ಟು ಪಾಲು ಜನ ಗಡುವಿನೊಳಗೆ ಅಲ್ಲೇ ಕೋರ್ಸ್ ಮುಗಿಸಿದರು ಅನ್ನುವುದು. ಆದರೆ ಅಲ್ಲಿನ ಸರ್ಕಾರಿ ಲೆಕ್ಕಕ್ಕೆ ಸೇರುವುದು ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ, ಫುಲ್ ಟೈಮ್ ಓದುವವರು ಮಾತ್ರ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದುಕೊಂಡೇ ಬಿಎಸ್‌ಎನ್ (ನರ್ಸಿಂಗ್ ಪದವಿ) ಡಿಗ್ರಿಗೆ ಪಾರ್ಟ್ ಟೈಮ್ ಸೇರಿದವರನ್ನು ತಗೊಳ್ಳಿ. ಚಿನ್ನದಂಥ ಮಾರ್ಕ್ಸ್ ತೆಗೆದು ಪಾಸಾದರೂ ಆ ರೇಟಿನಲ್ಲಿ ಅವರು ಇಲ್ಲವೇ ಇಲ್ಲ! ಬೇರೆ ಕಾಲೇಜಿನಿಂದ ಬಂದವರೂ ಅಷ್ಟೇ. ಇನ್ನು ಇಲ್ಲಿ ಶುರುಮಾಡಿ ಬೇರೆ ಕಡೆ ಹೋಗಿ ಡಿಗ್ರಿ ಮುಗಿಸಿದವರು, ಮೊದಲ ಕಾಲೇಜಿನ ಲೆಕ್ಕದಲ್ಲಿ ಮುಗಿಸದವರೇ. ಹೆಲ್ತ್ ಸೈನ್ಸಸ್ ಕಾಲೇಜುಗಳಿಗೆ ಪಾರ್ಟ್ ಟೈಮ್‌ನವರು, ಬೇರೆ ಕಾಲೇಜಿನಿಂದ ಬಂದವರೇ ಜಾಸ್ತಿ ಬರುತ್ತಾರಲ್ವಾ? ಹಾಗಾಗಿ ಕೆಲವೊಮ್ಮೆ ಈ ರೇಟು ಬೆರಳೆಣಿಕೆಯ ಮಂದಿಯ ಕಥೆ.

ಗಡುವೂ ಇದೆ: 4 ವರ್ಷದ ಡಿಗ್ರಿಗೆ 6 ವರ್ಷ, 2 ವರ್ಷದ ಕೋರ್ಸಿಗೆ 3.

ರಿಟೆನ್ಷನ್ ರೇಟ್ ಬೇರೆಯೇ. ಮೊದಲ ವರ್ಷ ಓದಿದವರಲ್ಲಿ ಎಷ್ಟು ಜನ ಮರುವರ್ಷ ಅದೇ ಕಾಲೇಜಿಗೆ ವಾಪಸ್ ಬಂದರು ಅನ್ನುವುದಷ್ಟೇ ಅದು. ಎರಡನ್ನೂ ಸುಮ್ನೆ ಕಲಸಬೇಡಿ.

ಪಾರ್ಟ್ ಟೈಮ್‌ನವರು, ಬೇರೆ ಕಡೆಯಿಂದ ಬಂದವರು ಸೇರಿದ ಲೆಕ್ಕ ಬೇಕಿದ್ದರೆ ಅದೇ ಸರ್ಕಾರಿ ಅಂಕಿಅಂಶಗಳ 'ಔಟ್‌ಕಮ್ ಮೆಷರ್ಸ್' ಅನ್ನುವ ಭಾಗ ನೋಡಿ, ಅದು 8 ವರ್ಷದವರೆಗೆ ಎಣಿಸುತ್ತದೆ. ನರ್ಸಿಂಗ್ ಲೈಸೆನ್ಸಿನ ಎನ್‌ಕ್ಲೆಕ್ಸ್ ಪರೀಕ್ಷೆಯ ಪಾಸ್ ರೇಟಿಗೂ ಗ್ರಾಜುಯೇಷನ್ ರೇಟಿಗೂ ಸಂಬಂಧವಿಲ್ಲ.