ಬೆವರು ಹರಿದರೆ ಜ್ವರ ಬಿಡುತ್ತದೆಯೇ?

ನಮ್ಮ ಓಟದ ಗುಂಪಿನ ಹುಡುಗನೊಬ್ಬ ನಿನ್ನೆ ರಾತ್ರಿ ಫೋನ್ ಮಾಡಿದ್ದ. "ಅಕ್ಕಾ, 101 ಡಿಗ್ರಿ ಜ್ವರ ಇದೆ. ಮಾತ್ರೆ ನುಂಗಿ ಭಾನುವಾರ ಓಡಿಬಿಡಲೇ? ಬೆವರು ಹರಿದರೆ ಜ್ವರ ಬಿಡುತ್ತದಂತಲ್ಲ?" ಎಂದು ಕೇಳಿದ. ಬೇಡವೇ ಬೇಡ ಎಂದೆ. ಇದೇ ಪ್ರಶ್ನೆಯನ್ನು ಬೇರೆಯವರೂ ಕೇಳಿದ್ದಾರೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆರೋಗ್ಯವಾಗಿರುವವರು ದೂರ ಓಡಲು ಹೆದರಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಹೆದರಿಕೆಗೂ ಒಂದು ಹಿನ್ನೆಲೆಯಿದೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಮುಗಿದ ವಾರದಲ್ಲಿ, ಓಡಿದವರಲ್ಲಿ ಶೇ. 12.9ರಷ್ಟು ಮಂದಿ ತಮಗೆ ಸೋಂಕು ತಗುಲಿತೆಂದು ತಿಳಿಸಿದ್ದರು. ಹೆಸರು ಕೊಟ್ಟು ಓಡದೆ ಉಳಿದವರಲ್ಲಿ ಈ ಪ್ರಮಾಣ ಶೇ. 2.2 ಮಾತ್ರ. ಅಮೆರಿಕದ ಸಂಶೋಧಕ ಡೇವಿಡ್ ನೀಮನ್ ಅವರ ಈ ಅಧ್ಯಯನದ ನಂತರ, ವಿಪರೀತ ಓಟದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂಬ ಮಾತು ಬೇರೂರಿತು. ಕಠಿಣ ವ್ಯಾಯಾಮದ ನಂತರ ಕೆಲವು ಗಂಟೆ ರಕ್ತದಲ್ಲಿ ಲಿಂಫೋಸೈಟ್‌ಗಳು, ಅಂದರೆ ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಕಡಿಮೆಯಾಗುವುದೂ ನಿಜ. ಆದರೆ ಅವು ಸತ್ತಿರುವುದಿಲ್ಲ, ಶ್ವಾಸಕೋಶ, ಕರುಳಿನಂಥ ಕಡೆ ಕಾವಲಿಗೆ ಹೋಗಿರುತ್ತವೆ ಎಂದು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಮತ್ತು ಟರ್ನರ್ 2018ರಲ್ಲಿ ವಾದಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ನನಗಂತೂ ಈ ವಾದವೇ ಸರಿಯೆನಿಸುತ್ತದೆ. ಸಾವಿರಾರು ಜನರ ನೂಕುನುಗ್ಗಲು, ಪ್ರಯಾಣ, ಓಟದ ಹಿಂದಿನ ರಾತ್ರಿಯ ನಿದ್ದೆಗೇಡು, ಇಷ್ಟು ಸಾಲದೇ ನೆಗಡಿ ಹಿಡಿಯಲು?

ಸೋಂಕು ಆಗಲೇ ಮೈಯೊಳಗೆ ಹೊಕ್ಕಿದ್ದರೆ ಮಾತು ಬೇರೆ. ಪೋಲಿಯೊ ಕಾಡುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ವೈದ್ಯ ರಿಚಿ ರಸೆಲ್, ರೋಗದ ಮೊದಲ ಲಕ್ಷಣಗಳು ಕಂಡ ಮೇಲೂ ಮೈ ದಣಿಸಿದವರಿಗೆ ಪಾರ್ಶ್ವವಾಯು ಹೆಚ್ಚು ತೀವ್ರವಾಗಿ ಬಡಿದದ್ದನ್ನು 1949ರಲ್ಲಿ ದಾಖಲಿಸಿದರು. ಕಾಕ್ಸ್‌ಸ್ಯಾಕಿ ವೈರಸ್ ತಗುಲಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ, ಸುಮ್ಮನಿದ್ದ ಇಲಿಗಳಿಗಿಂತ ಅವುಗಳ ಹೃದಯದಲ್ಲಿ ವೈರಸ್ ಎಷ್ಟೋ ಪಟ್ಟು ಹೆಚ್ಚಿತ್ತು. ಮನುಷ್ಯರಲ್ಲೂ ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ಆ ಹೊತ್ತಿನಲ್ಲಿ ಓಡಿದರೆ ಬಡಿತದ ಲಯ ತಪ್ಪಿ, ಗಟ್ಟಿಮುಟ್ಟಾದ ಯುವಕರೂ ಕುಸಿದು ಸಾಯಬಹುದು. ಪ್ಯಾರಾಸಿಟಮಾಲ್ ಮೈಯ ಬಿಸಿಯನ್ನು ತಗ್ಗಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. ಓಟವಂತೂ ಆ ಬಿಸಿಯನ್ನು ಇನ್ನಷ್ಟು ಏರಿಸುತ್ತದೆ.

ಮೂಗು ಸೋರುವುದಷ್ಟೇ ಇದ್ದರೆ ನಿಧಾನವಾಗಿ ನಡೆದಾಡಿ. ಜ್ವರ, ಮೈಕೈ ನೋವು ಇದ್ದರೆ ಶೂ ಮುಟ್ಟಬೇಡಿ. ಎದೆನೋವು, ಏದುಸಿರು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ನಾಲ್ಕು ತಿಂಗಳ ತಯಾರಿ ನೀರಿನಲ್ಲಿ ಹೋಮವಾಯಿತೆಂದು ಹುಡುಗ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಮುನಿಸಿಕೊಳ್ಳಲಿ. ಸಂಜೆ ಗಂಜಿ ಮತ್ತು ನಿಂಬೆ ಉಪ್ಪಿನಕಾಯಿ ತೆಗೆದುಕೊಂಡು ಅವನ ಕೋಣೆಗೆ ಹೋಗುತ್ತಿದ್ದೇನೆ.