ಏಳನೆಯ ತಲೆಮಾರಿನವರಿಗೆ ಪ್ರವೇಶವಿಲ್ಲ

2025ರ ಅಕ್ಟೋಬರ್ 1ರಂದು, ಆಯುಧಪೂಜೆಯ ದಿನ, ನಮ್ಮ ಮನೆಯ ಆಲ್-ಇನ್-ಒನ್ ಕಂಪ್ಯೂಟರಿಗೆ ಎಂದಿನಂತೆ ಅರಿಶಿನ ಕುಂಕುಮ ಹಚ್ಚಿ, ಕ್ಯಾಮೆರಾದ ಕಣ್ಣು ಮುಚ್ಚದಂತೆ ಸೇವಂತಿಗೆ ಮಾಲೆಯನ್ನು ಇಳಿಬಿಟ್ಟು, ಮಂಗಳಾರತಿ ಎತ್ತಿದೆವು. ಸರಿಯಾಗಿ ಹದಿಮೂರು ದಿನ ಕಳೆದು ಅಕ್ಟೋಬರ್ 14 ಬಂದಾಗ, ಮೈಕ್ರೋಸಾಫ್ಟ್ ಕಂಪನಿಯು ಆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು, ಅಂದರೆ ಭದ್ರತಾ ಅಪ್‌ಡೇಟುಗಳನ್ನು, ಜಗತ್ತಿನಾದ್ಯಂತ ನಿಲ್ಲಿಸಿತು. ನಮ್ಮಲ್ಲಿ ಸಾವಾದ ಮೇಲೆ ಹದಿಮೂರು ದಿನ ಎಣಿಸುವುದು ವಾಡಿಕೆ. ಇಲ್ಲಿ ಮೊದಲು ಹದಿಮೂರು ದಿನ ಎಣಿಸಿ ಆಮೇಲೆ ಸಾವನ್ನು ಘೋಷಿಸಲಾಯಿತು.

ಸತ್ತಿದೆಯೆಂದು ಹೇಳಲಾದ ಈ ಯಂತ್ರದ ಆರೋಗ್ಯದ ಬಗ್ಗೆ ಎರಡು ಮಾತು ಹೇಳಬೇಕು. 2017ರಲ್ಲಿ ಕೊಂಡದ್ದು. ಪರದೆ, ಪ್ರೊಸೆಸರ್, ಸ್ಪೀಕರ್, ಕ್ಯಾಮೆರಾ ಎಲ್ಲವೂ ಒಂದೇ ಚೌಕಟ್ಟಿನೊಳಗೆ ಕೂಡಿಬಾಳುವ ಅವಿಭಕ್ತ ಕುಟುಂಬ. ನಡುವೆ ಒಮ್ಮೆ ಅದು ತೀರಾ ನಿಧಾನವಾಗಿ, ಸ್ವಿಚ್ ಒತ್ತಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಚುಕ್ಕೆಗಳು ಸುತ್ತುತ್ತಲೇ ಇರುವ ಸ್ಥಿತಿಗೆ ತಲುಪಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೊತ್ತೊಯ್ದು, ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆವು. ರ‍್ಯಾಮ್ ಕೂಡ ದುಪ್ಪಟ್ಟಾಗಿ ಎಂಟು ಜಿಬಿಗೆ ಏರಿತು. ಅಂದಿನಿಂದ ಒಲೆಯ ಮೇಲಿಟ್ಟ ಹಾಲಿಗೆ ಕೆನೆ ಕಟ್ಟುವ ಮೊದಲೇ ಅದು ಎದ್ದು ಕೂರುತ್ತದೆ.

ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಏರಲು ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸುವುದಕ್ಕೆ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶವಿದೆ. ಹೆಸರು ಆರೋಗ್ಯ ತಪಾಸಣೆಯದು, ನೋಡುವುದು ಜಾತಕ. ಅದು ಕೊಟ್ಟ ತೀರ್ಪು ಇಷ್ಟು: ಈ ಪಿಸಿ ಸದ್ಯಕ್ಕೆ ವಿಂಡೋಸ್ 11ರ ಅಗತ್ಯಗಳನ್ನು ಪೂರೈಸುವುದಿಲ್ಲ. ಆ ‘ಸದ್ಯಕ್ಕೆ’ ಎಂಬ ಪದದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಸದ್ಯಕ್ಕೆ ಮಳೆಯಿಲ್ಲ ಎಂದರೆ ಮುಂದೆ ಬರಬಹುದು, ಸದ್ಯಕ್ಕೆ ಸಾಹೇಬರಿಲ್ಲ ಎಂದರೆ ಊಟ ಮುಗಿಸಿ ಬರಬಹುದು. 2017ರಲ್ಲಿ ಹುಟ್ಟಿದ ಪ್ರೊಸೆಸರ್ ಇನ್ನಾರು ತಿಂಗಳು ಪಥ್ಯ ಮಾಡಿದರೆ 2018ರಲ್ಲಿ ಹುಟ್ಟಿದಂತಾಗುತ್ತದೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರ.

ಫಲಿತಾಂಶದ ಪಟ್ಟಿಯಲ್ಲಿ ಎರಡು ಕಡೆ ಆಕ್ಷೇಪಣೆ ಇತ್ತು. ಒಂದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಾಣುತ್ತಿಲ್ಲವೆಂಬುದು. ಹುಡುಕಿದರೆ ಅದು ಒಳಗೇ ಇತ್ತು. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್ ಮೆನುವಿನ ಒಂದು ಮೂಲೆಯಲ್ಲಿ ಪಿಟಿಟಿ ಎಂಬ ಅಡ್ಡಹೆಸರಿನಲ್ಲಿ ಎಂಟು ವರ್ಷ ನೆಮ್ಮದಿಯಾಗಿ ಮಲಗಿತ್ತು. ಎಬ್ಬಿಸಿದೆವು, ಕೆಂಪು ಗುರುತು ಹಸಿರಾಯಿತು. ಎರಡನೆಯ ಆಕ್ಷೇಪಣೆ ಪ್ರೊಸೆಸರಿನದು, ಅದಕ್ಕೆ ಪರಿಹಾರವಿಲ್ಲ. ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಕೇಳಿ, ತಂದುಕೊಟ್ಟ ಮೇಲೆ, ಅದು ಸರಿ, ಆದರೆ ತಾವು ಹುಟ್ಟಿದ್ದೇ ತಡವಾಗಬೇಕಿತ್ತಲ್ಲ ಎಂದರೆ ಅರ್ಜಿದಾರ ಏನು ಮಾಡಬೇಕು? ಹದಿನೈದು ವರ್ಷ ತುಂಬಿದ ಸ್ಕೂಟರನ್ನು ಎಫ್‌ಸಿಗೆಂದು ಆರ್‌ಟಿಒ ಕಚೇರಿಗೆ ಒಯ್ದರೆ, ಅಲ್ಲಿನ ಇನ್‌ಸ್ಪೆಕ್ಟರು ಕಡೇಪಕ್ಷ ಹಾರ್ನ್ ಒತ್ತಿ ನೋಡುತ್ತಾರೆ.

ಸಾಮಾನ್ಯ ನಿಯಮ ಹೀಗಿದೆ: ಇಂಟೆಲ್ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದಾಗಿರಬೇಕು, ಅಥವಾ ಅದಕ್ಕಿಂತ ಈಚಿನದಾಗಿರಬೇಕು. ನಮ್ಮದು ಏಳನೆಯದು. ಏಳು ತಲೆಮಾರು ಕೂತು ತಿಂದರೂ ಕರಗದ ಆಸ್ತಿಯೆಂದು ಹಿರಿಯರು ಹೇಳುತ್ತಿದ್ದರು; ಇಲ್ಲಿ ಏಳು ತಲೆಮಾರಿನವರನ್ನು ಪಂಕ್ತಿಯಿಂದ ಎಬ್ಬಿಸಿ, ಎಂಟನೆಯವರಿಂದ ಎಲೆ ಹಾಕುತ್ತಾರೆ. ಯೋಗ್ಯತೆಯೇ ಮಾನದಂಡವಾಗಿದ್ದರೆ ಒಪ್ಪಬಹುದಿತ್ತು. ಆದರೆ 2017ರ ಜನವರಿಯಲ್ಲಿ ಬಂದ ಕೋರ್ ಐ7-7700, ನಾಲ್ಕು ಕೋರುಗಳ ಗಟ್ಟಿಗ, ಅನರ್ಹರ ಸಾಲಿನಲ್ಲಿದೆ. ಅದೇ ವರ್ಷದ ಕೊನೆಯಲ್ಲಿ ಬಂದ, ಎರಡೇ ಕೋರುಗಳ ಬಡಪಾಯಿ ಸೆಲೆರಾನ್ ಎನ್4000 ಅರ್ಹರ ಪಟ್ಟಿಯಲ್ಲಿದೆ. ಪೈಲ್ವಾನನನ್ನು ಬಾಗಿಲಲ್ಲೇ ತಡೆದು, ಏದುಸಿರು ಬಿಡುವವನನ್ನು ಕೈಹಿಡಿದು ಅಖಾಡಕ್ಕೆ ಇಳಿಸುವ ಈ ಏರ್ಪಾಡನ್ನು ನೋಡಿದರೆ, ಕುಸ್ತಿ ನಡೆಸುವ ಉದ್ದೇಶವಾದರೂ ಇದೆಯೇ ಎಂಬ ಅನುಮಾನ ಬರುತ್ತದೆ.

ಇಷ್ಟಾದರೂ ಏಳನೆಯ ತಲೆಮಾರಿನವರೆಲ್ಲರೂ ಹೊರಗಿಲ್ಲ. 2021ರ ಆಗಸ್ಟಿನಲ್ಲಿ ಪಟ್ಟಿಯನ್ನು ಮರುಪರಿಶೀಲಿಸಿದಾಗ ಬೆರಳೆಣಿಕೆಯ ಕೆಲವಕ್ಕೆ ವಿನಾಯಿತಿ ಸಿಕ್ಕಿತು. ಅದರಲ್ಲಿ ಕೋರ್ ಐ7-7820ಎಚ್‌ಕ್ಯೂ ಎಂಬುದೂ ಒಂದು. ಅದು ಯಾವ ಯಂತ್ರದಲ್ಲಿತ್ತೆಂದು ನೋಡಿದರೆ, ಸರ್ಫೇಸ್ ಸ್ಟುಡಿಯೋ 2ರಲ್ಲಿ. ಅದು ಮೈಕ್ರೋಸಾಫ್ಟ್ ತಾನೇ ತಯಾರಿಸಿ 2018ರಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದ ಆಲ್-ಇನ್-ಒನ್. ಊರಿಗೆಲ್ಲ ಏಕಾದಶಿ ಉಪವಾಸ ವಿಧಿಸಿದ ಗೌಡರು ತಮ್ಮ ಮನೆಯ ಕೂಸಿಗೆ ಮಾತ್ರ ಪಿತ್ತದ ಪ್ರಕೃತಿಯೆಂದು ಉಪ್ಪಿಟ್ಟು ಮಾಡಿಸಿದಂತಾಯಿತು. ಇದನ್ನು ಸ್ವಜನಪಕ್ಷಪಾತವೆಂದು ಕರೆಯಲಾಗದು, ಏಕೆಂದರೆ ವಿನಾಯಿತಿಗೆ ಆಧುನಿಕ ಡ್ರೈವರುಗಳ, ಅಂದರೆ ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶಗಳ, ಕಾರಣವನ್ನು ಕೊಡಲಾಗಿತ್ತು. ಯಾವ ವಿನಾಯಿತಿಗೂ ಕಾರಣವೊಂದು ಇದ್ದೇ ಇರುತ್ತದೆಂಬುದನ್ನು ಸಾರ್ವಜನಿಕ ಜೀವನದ ಅನುಭವವುಳ್ಳ ನಾವು ಬಲ್ಲೆವು.

ಬೇರೆ ಬಗೆಯ ಕಂಪ್ಯೂಟರಾಗಿದ್ದರೆ ಡಬ್ಬವನ್ನು ಬದಲಿಸಿ ಮಾನಿಟರನ್ನು ಉಳಿಸಿಕೊಳ್ಳಬಹುದಿತ್ತು. ಆಲ್-ಇನ್-ಒನ್‌ನಲ್ಲಿ ಒಬ್ಬರು ಹೋದರೆ ಎಲ್ಲರೂ ಸಹಗಮನ ಮಾಡಬೇಕು. ಒಂದು ಕಲೆಯೂ ಇಲ್ಲದ ಇಪ್ಪತ್ಮೂರು ಇಂಚಿನ ಪರದೆ, ತಾನು ಮಾಡದ ತಪ್ಪಿಗೆ ಗುಜರಿಗೆ ಹೋಗಬೇಕು. ಎತ್ತಿಗೆ ವಯಸ್ಸಾಯಿತೆಂದು ಗಾಡಿಯನ್ನೂ ಸುಟ್ಟಂತೆ. ಪ್ರೊಸೆಸರ್ ಒಂದನ್ನೇ ಬದಲಿಸಲಾಗದೇ ಎಂದು ಅದೇ ಅಂಗಡಿಯ ಹುಡುಗನನ್ನು ಕೇಳಿದೆ. ಅವನು ಹಿಂಬದಿಯ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಗೆ ಅಂಟಿದ್ದ ಬೂದುಬಣ್ಣದ ದೂಳನ್ನು ಬ್ರಷ್‌ನಿಂದ ಕೆರೆದು, ಬೋರ್ಡಿಗೇ ಬೆಸುಗೆಯಾಗಿದ್ದ ಚಿಪ್ಪನ್ನು ತೋರಿಸಿದ. “ಇದು ಬರಲ್ಲ ಸಾರ್. ಸ್ಕ್ರೀನ್ ಬೇಕಾದ್ರೆ ಬಿಚ್ಚಿ, ಬೇರೆ ಬೋರ್ಡ್ ಹಾಕಿ ಮಾನಿಟರ್ ಮಾಡ್ಕೊಡ್ತೀನಿ. ಆದ್ರೆ ಗಾಡಿ ಚೆನ್ನಾಗೈತಲ್ಲ ಸಾರ್, ಯಾಕೆ ಬಿಚ್ಚಿಸ್ತೀರ?” ಎಂದ. ಇಡೀ ಪ್ರಕರಣದಲ್ಲಿ ಯಂತ್ರವನ್ನು ಕಣ್ಣಾರೆ ನೋಡಿ ಅಭಿಪ್ರಾಯ ಕೊಟ್ಟವನು ಅವನೊಬ್ಬನೇ.

2015ರಲ್ಲಿ ಇದೇ ಕಂಪನಿ, ವಿಂಡೋಸ್ 7 ಮತ್ತು 8.1 ಬಳಸುತ್ತಿದ್ದವರಿಗೆ ಒಂದು ವರ್ಷದ ಕಾಲ ವಿಂಡೋಸ್ 10 ಉಚಿತವೆಂದು ಪ್ರಕಟಿಸಿ, ಬೇಡವೆಂದವರ ಪರದೆಯ ಮೂಲೆಯಲ್ಲೂ ಬಂದು ನಿಂತು ಕರೆಯುತ್ತಿತ್ತು. ಇದೇ ಕೊನೆಯ ವಿಂಡೋಸ್ ಎಂದು ಅದರ ಉದ್ಯೋಗಿಯೊಬ್ಬರು ಸಮ್ಮೇಳನವೊಂದರಲ್ಲಿ ಹೇಳಿಯೂ ಇದ್ದರು. ಅಂದು ಒಲ್ಲೆವೆಂದರೂ ಎಲೆಗೆ ಬಡಿಸಿದವರು, ಇಂದು ಹಸಿದು ಬಂದವರ ಎದುರು ಕದ ಮುಚ್ಚಿದ್ದಾರೆ.

ಹಿತ್ತಿಲ ಬಾಗಿಲೊಂದಿತ್ತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಅನರ್ಹ ಯಂತ್ರವನ್ನೂ ದಾಟಿಸುವ ಉಪಾಯವನ್ನು ಕಂಪನಿಯೇ 2021ರಲ್ಲಿ ತನ್ನ ಸಹಾಯ ಪುಟದಲ್ಲಿ ಬರೆದು, ಆಮೇಲೆ ಅಳಿಸಿತು. ಹೀಗೆ ದಾಟುವವರಿಗೆ ಎಚ್ಚರಿಕೆಯೂ ಉಂಟು: ಹೊಂದಾಣಿಕೆಯಿಲ್ಲದೆ ಆಗುವ ಹಾನಿ ತಯಾರಕರ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಯಂತ್ರದ ವಾರಂಟಿ ಮುಗಿದು ಎಷ್ಟೋ ಕಾಲವಾಗಿದ್ದರಿಂದ, ಈ ಬೆದರಿಕೆ ನಮಗೆ ಹಳೆಯ ನೆಂಟರೊಬ್ಬರ ನೆನಪಿನಷ್ಟೇ ಆಪ್ತವಾಗಿ ಕೇಳಿಸಿತು.

ಕೊನೆಗೆ ನಾವು ಹಿಡಿದದ್ದು ಸಭ್ಯರ ದಾರಿ. ಮೂವತ್ತು ಡಾಲರ್ ತೆತ್ತರೆ, ಇಲ್ಲವೇ ಕಂಪನಿಯೇ ಬಹುಮಾನವಾಗಿ ಕೊಡುವ ರಿವಾರ್ಡ್ಸ್ ಅಂಕಗಳಲ್ಲಿ ಸಾವಿರವನ್ನು ಒಪ್ಪಿಸಿದರೆ, ಅದೂ ಇಲ್ಲವೆಂದರೆ ಕಂಪನಿಯ ಖಾತೆ ತೆರೆದು ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಅವರ ಉಗ್ರಾಣಕ್ಕೆ ನಕಲು ಕಳಿಸಿದರೆ, ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆಂದಿತ್ತು. ಮೂರನೆಯದಕ್ಕೆ ದುಡ್ಡು ಕೊಡಬೇಕಿಲ್ಲವಾದ್ದರಿಂದ ಅದನ್ನೇ ಆರಿಸಿಕೊಂಡೆವು.

ನವೆಂಬರ್ ಬಂತು. ರೈಲ್ವೆಯಿಂದ ನಿವೃತ್ತರಾದ ನನ್ನ ತಂದೆಯವರು ಪ್ರತಿವರ್ಷ ಆ ತಿಂಗಳಲ್ಲಿ ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ರುಜುವಾತು ಮಾಡಬೇಕು. ಅದೇ ಕಂಪ್ಯೂಟರಿಗೆ ಬೆರಳಚ್ಚಿನ ಯಂತ್ರವನ್ನು ಸಿಕ್ಕಿಸಿ, ಜೀವನ ಪ್ರಮಾಣ ತಂತ್ರಾಂಶ ತೆರೆದೆ. ಮೂರು ಬಾರಿ ಒತ್ತಿದರೂ ಸವೆದ ಹೆಬ್ಬೆರಳು ಹಿಡಿಯಲಿಲ್ಲ. ನಾಲ್ಕನೆಯ ಸಲ ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದಾಗ ಪರದೆಯ ಮೇಲೆ ಅವರು ಜೀವಂತರಾದರು. ಕನ್ನಡಕ ಸರಿಪಡಿಸಿಕೊಂಡು, ಮೇಲಂಚಿನಲ್ಲಿ ಇನ್ನೂ ಉಳಿದಿದ್ದ ಕುಂಕುಮದ ಚುಕ್ಕೆಯನ್ನು ನೋಡುತ್ತ ಕೇಳಿದರು:

“ಇದಕ್ಕೆ ಎಲ್ಲಿವರೆಗೆ ಕೊಟ್ಟಿದಾರಪ್ಪ?”

“ಅಕ್ಟೋಬರ್ 13ರವರೆಗೆ, ಅಪ್ಪ.”

“ನಂಗೆ ನವೆಂಬರ್‌ವರೆಗೆ ಇದೆ,” ಎಂದು ಹೇಳಿ, ಒಂದು ತಿಂಗಳ ಹಿರಿತನದ ಗತ್ತಿನಲ್ಲಿ ಎದ್ದು ಕಾಫಿಗೆ ಹೋದರು.